‘ಆ್ಯಸ್ ಯೂ ಲೈಕ್ ಇಟ್’: ಕೋರಿನ್ ಪಾತ್ರ ಸಿಕ್ಕಿದೆ, ಹೇಗೆ ಮಾಡಲಿ?

ಸೈಡ್‌ವಿಂಗ್ (ಪ್ರಶ್ನೆ):

ನಮ್ಮ ಹವ್ಯಾಸಿ ತಂಡ ಷೇಕ್ಸ್‌ಪಿಯರ್‌ನ ‘ಆ್ಯಸ್ ಯೂ ಲೈಕ್ ಇಟ್’ ಎತ್ತಿಕೊಂಡಿದೆ. ನನಗೆ ಕೋರಿನ್ ಪಾತ್ರ ಬಂದಿದೆ, ವಯಸ್ಸಾದ ಕುರಿಗಾಹಿ. ರಿಹರ್ಸಲ್‌ನಲ್ಲಿ ಎಲ್ಲರ ಗಮನ ನಾಯಕಿ ರೋಸಲಿಂಡ್ ಮೇಲೆ, ಇಲ್ಲ ಸದಾ ಖಿನ್ನನಾಗಿರುವ ಜೇಕ್ವಿಸ್‌ನ ಮನುಷ್ಯನ ಬಾಳಿನ ಏಳು ಅವಸ್ಥೆಗಳ ಮಾತಿನ ಮೇಲೆ. ಮೂರನೇ ಅಂಕದಲ್ಲಿ ವಿದೂಷಕ ಟಚ್‌ಸ್ಟೋನ್ ಜೊತೆ ನನಗೊಂದು ಒಳ್ಳೆ ದೃಶ್ಯ ಇದೆ. ಅದನ್ನು ಅರ್ಧ ಕತ್ತರಿಸುವ ಮಾತು ನಡೆದಿದೆ. ಓದಿದಷ್ಟೂ ನನಗೆ ಅದು ಬರೀ ನಗಿಸುವ ದೃಶ್ಯ ಅನ್ನಿಸುತ್ತಿಲ್ಲ. ಈ ನಾಟಕ ಮಾಡಿದವರು ಯಾರಾದರೂ ಇದ್ದರೆ ಹೇಳಿ, ಕೋರಿನ್ ಈ ನಾಟಕಕ್ಕೆ ಯಾಕೆ ಬೇಕು?

ಹಿಂದಿನ ಸಾಲು:

ದಯವಿಟ್ಟು ಕತ್ತರಿಸಲು ಬಿಡಬೇಡಿ. ಒಂದು ಸಲ ಇದೇ ಪಾತ್ರ ಮಾಡಿದ್ದೇನೆ, ಇವತ್ತಿಗೂ ಅವನ ಮೇಲೆ ಪ್ರೀತಿ.

ಮೊದಲು ಎರಡನೇ ಅಂಕದ ನಾಲ್ಕನೇ ದೃಶ್ಯ ನೋಡಿ. ರೋಸಲಿಂಡ್, ಅವಳ ಸೋದರಸಂಬಂಧಿ ಸೀಲಿಯಾ ಅರಮನೆ ಬಿಟ್ಟು ಸುಸ್ತಾಗಿ ಆರ್ಡೆನ್ ಕಾಡಿಗೆ ಬಂದಿದ್ದಾರೆ. ಊಟ, ತಂಗಲು ಜಾಗ ಕೇಳುತ್ತಾರೆ. ಕೋರಿನ್ ಏನು ಹೇಳುತ್ತಾನೆ? ನಾನು ಇನ್ನೊಬ್ಬರ ಆಳು, ನಾನು ಮೇಯಿಸುವ ಕುರಿಯ ಉಣ್ಣೆ ನನಗಿಲ್ಲ. ನನ್ನ ಧಣಿ ಒರಟ, ಬಂದವರಿಗೆ ಉಪಚಾರ ಮಾಡುವವನಲ್ಲ. ಈಗ ಗುಡಿಸಲು, ಮಂದೆ, ಹುಲ್ಲುಗಾವಲು ಎಲ್ಲ ಮಾರಾಟಕ್ಕಿದೆ. ಕೊಳ್ಳಬೇಕಾದ ಹುಡುಗ ಸಿಲ್ವಿಯಸ್. ಫೀಬಿ ಅನ್ನುವ ಕುರಿಗಾಹಿ ಹುಡುಗಿಯ ಗುಂಗಿನಲ್ಲಿ ಅವನಿಗೆ ಅದರ ಕಡೆ ಲಕ್ಷ್ಯವೇ ಇಲ್ಲ.

ಹಾಡು, ಪ್ರೇಮ, ಕವಿತೆ ಅಂದುಕೊಂಡಿದ್ದ ಕಾಡಿಗೆ ಧಣಿ ಇದ್ದಾನೆ, ಬೆಲೆ ಇದೆ ಅಂತ ಅವನಿಂದಲೇ ಗೊತ್ತಾಗುವುದು. ಸೀಲಿಯಾ ‘ನಿನ್ನ ಕೂಲಿ ಜಾಸ್ತಿ ಮಾಡುತ್ತೇವೆ’ ಅನ್ನುತ್ತಾಳೆ. ಆಗ ಕುಣಿಯಬೇಡಿ. ಅವನ ಉತ್ತರ ನೋಡಿ: ನೆಲ ಹೇಗಿದೆ, ಲಾಭ ಎಷ್ಟು, ಈ ಬದುಕು ನಿಮಗೆ ಹಿಡಿಸುತ್ತಾ, ವಿಚಾರಿಸಿಕೊಳ್ಳಿ. ವಿಚಾರಿಸಿ ಹಿಡಿಸಿದರೆ ಕೊಳ್ಳೋಣ ಅಂತ ಹೇಳುವ ಆಳು ಅವನು. ನಿಧಾನಕ್ಕೆ ಹೇಳಿ.

ಇನ್ನು ನಿಮ್ಮ ದೃಶ್ಯ. ಆಸ್ಥಾನದಲ್ಲಿ ಕೈಗೆ ಮುತ್ತಿಟ್ಟು ವಂದಿಸುತ್ತಾರೆ, ಇಲ್ಲಿ ಅದು ನಡೆಯಲ್ಲ ಅನ್ನುತ್ತಾನೆ ಕೋರಿನ್. ನಾವು ಸದಾ ಕುರಿ ಮುಟ್ಟುವವರು, ಕೈಯೆಲ್ಲ ಜಿಡ್ಡು. ಕುರಿಯ ಗಾಯಕ್ಕೆ ಹಚ್ಚಿದ ಟಾರೂ ಅಂಟಿರುತ್ತದೆ. ಆಸ್ಥಾನದವರ ಕೈ ಪುನುಗಿನ ಪರಿಮಳದ್ದು. ಟಚ್‌ಸ್ಟೋನ್ ಬಿಡುತ್ತಾನಾ? ಪುನುಗು ಬೆಕ್ಕಿನ ಹೊಲಸು, ಟಾರಿಗಿಂತ ಕೀಳು ಅನ್ನುತ್ತಾನೆ. ಮಾತಿನಲ್ಲಿ ಅವನದೇ ಮೇಲುಗೈ. ಆದರೆ ‘ನಾನು ದುಡಿಯುವವನು, ತಿನ್ನುವುದನ್ನು ಗಳಿಸುತ್ತೇನೆ, ಯಾರ ಸುಖಕ್ಕೂ ಕರುಬಲ್ಲ’ ಅಂತ ಕೋರಿನ್ ಹೇಳುವಾಗ ಅವನಿಗೆ ಗೆಲ್ಲುವ ಆಸೆಯೇ ಇಲ್ಲ. ಕುರಿ ಮೇಯುವುದನ್ನು, ಮರಿ ಹಾಲು ಕುಡಿಯುವುದನ್ನು ನೋಡುವುದೇ ಅವನ ಹೆಮ್ಮೆ. ಆ ಸಾಲುಗಳನ್ನು ಪ್ರೇಕ್ಷಕರ ಕಡೆ ತಿರುಗಿ ಹೇಳಬೇಡಿ, ಟಚ್‌ಸ್ಟೋನ್‌ಗೇ ಹೇಳಿ.

ನಿರ್ದೇಶಕರಿಗೆ ಇದನ್ನೂ ತಿಳಿಸಿ. ನಾಟಕದ ಮೂಲ 1590ರಲ್ಲಿ ಬಂದ ಥಾಮಸ್ ಲಾಡ್ಜ್‌ನ ‘ರೋಸಲಿಂಡ್’ ಕಥೆ. ಅದರಲ್ಲಿ ಮುದಿ ಕುರಿಗಾಹಿ ಇದ್ದಾನೆ, ಟಚ್‌ಸ್ಟೋನ್ ಇಲ್ಲ. ಅಂದರೆ ಇವರಿಬ್ಬರ ಈ ವಾದ ಪೂರ್ತಿ ಷೇಕ್ಸ್‌ಪಿಯರ್‌ನದೇ. ಬೇಕು ಅಂತಲೇ ಬರೆದದ್ದನ್ನು ಕತ್ತರಿಸಿದರೆ ಹೇಗೆ?

ಮೇಕಪ್ ಪೆಟ್ಟಿಗೆ:

ಮೇಲಿನವರು ಹೇಳಿದ್ದು ಸರಿ. ಮುದುಕ ಸೇವಕ ಆ್ಯಡಮ್‌ನನ್ನೂ ಮರೆಯಬೇಡಿ. ಕೂಡಿಟ್ಟ 500 ಕ್ರೌನ್ ನಾಣ್ಯ ನಾಯಕ ಒರ್ಲ್ಯಾಂಡೋಗೆ ಕೊಟ್ಟು ಎಂಬತ್ತರ ಹತ್ತಿರದಲ್ಲಿ ಅವನ ಜೊತೆ ಮನೆ ಬಿಡುವವನು. ಮುಪ್ಪು ಅಂದರೆ ಹಲ್ಲಿಲ್ಲ, ಕಣ್ಣಿಲ್ಲ, ಏನೂ ಇಲ್ಲ ಅಂತ ಜೇಕ್ವಿಸ್ ಹೇಳಿ ಮುಗಿಸುತ್ತಿದ್ದಂತೆ ಒರ್ಲ್ಯಾಂಡೋ ಆ್ಯಡಮ್‌ನನ್ನು ಹೊತ್ತು ತರುತ್ತಾನೆ. ಜೇಕ್ವಿಸ್ ಮಾತಿಗೆ ಅದೇ ಉತ್ತರ ಅನ್ನಿಸುತ್ತದೆ ನನಗೆ. ಆಮೇಲೆ ಆ್ಯಡಮ್ ರಂಗಕ್ಕೆ ಬರುವುದೇ ಇಲ್ಲ. ನಿಮ್ಮಲ್ಲಿ ನಟರು ಕಡಿಮೆ ಇದ್ದರೆ ಐದನೇ ಅಂಕದ ಹಳ್ಳಿ ಹುಡುಗ ವಿಲಿಯಮ್‌ನನ್ನು ಆ್ಯಡಮ್ ಪಾತ್ರ ಮಾಡಿದವರೇ ಮಾಡಬಹುದು, ವೇಷ ಬದಲಿಸಲು ಬೇಕಾದಷ್ಟು ಸಮಯ ಇದೆ.

ಸೈಡ್‌ವಿಂಗ್:

ಇಬ್ಬರಿಗೂ ಥ್ಯಾಂಕ್ಸ್. ಕೂಲಿಯ ಮಾತನ್ನು ನಾನು ಓಡಿಸಿಕೊಂಡು ಹೋಗುತ್ತಿದ್ದೆ, ಇನ್ನು ನಿಲ್ಲಿಸಿ ಹೇಳುತ್ತೇನೆ. ಇನ್ನೊಂದು ಪ್ರಶ್ನೆ. ಕೊನೆಯ ಮದುವೆ ದೃಶ್ಯದಲ್ಲಿ ಕೋರಿನ್ ಇಲ್ಲವಲ್ಲ, ಹಿಂದೆ ಸುಮ್ನೆ ನಿಂತಿರಲಾ?

ಹಿಂದಿನ ಸಾಲು:

ಬೇಡ. ಐದನೇ ಅಂಕದ ಮೊದಲ ದೃಶ್ಯದಲ್ಲಿ ‘ಧಣಿಗಳು ಕರೀತಿದ್ದಾರೆ, ಬನ್ನಿ ಬನ್ನಿ’ ಅಂತ ಟಚ್‌ಸ್ಟೋನ್‌ನನ್ನು ಕರೆಯುವುದೇ ಅವನ ಕೊನೆ ಮಾತು. ಕೆಲಸದ ನಡುವೆ ಬಂದವನ ಹಾಗೆ ಬಂದು ಹೋಗಿ.