ಅಪ್‌ಡೇಟ್: ಮಂಡ್ಯ–ಮೈಸೂರು ರೈಲಿಗೆ ಹೊಂದುವ ಹಗುರ ಲ್ಯಾಪ್‌ಟಾಪ್ ಸಿಕ್ಕಿತು

ಆಡಿಟರ್ ಆಫೀಸಿನ ಕೆಲಸ, ದಿನಾ ಮಂಡ್ಯದಿಂದ ಮೈಸೂರಿಗೆ ರೈಲು, ಯಾವ ತೆಳು ಲ್ಯಾಪ್‌ಟಾಪ್ ತಗೊಳ್ಳಲಿ ಅಂತ ಕೇಳಿದ್ದೆ ಅಲ್ವಾ? ಲೆನೊವೊ ಕಂಪನಿಯ ಥಿಂಕ್‌ಪ್ಯಾಡ್ ಎಕ್ಸ್‌1 ಕಾರ್ಬನ್ ನೋಡಿ ಎಂದವರಿಗೆ ಥ್ಯಾಂಕ್ಸ್. ಅದನ್ನೇ ತಗೊಂಡೆ.

ತೂಕ 1.1 ಕೆಜಿ ಆಸುಪಾಸು. ಮುಚ್ಚಳಕ್ಕೆ ಕಾರ್ಬನ್ ಫೈಬರ್ ಬಳಸಿದ್ದಾರೆ, ತೆಳುವಾದರೂ ಗಟ್ಟಿ. ಸೀಟು ಸಿಕ್ಕರೆ ತೊಡೆ ಮೇಲಿಟ್ಟುಕೊಂಡು ಪಾಂಡವಪುರ ದಾಟುವಷ್ಟರಲ್ಲಿ ಒಂದಷ್ಟು ಟ್ಯಾಲಿ (ಲೆಕ್ಕಪತ್ರದ ಸಾಫ್ಟ್‌ವೇರ್) ಎಂಟ್ರಿ ಮುಗಿಯುತ್ತದೆ. ಕೀಬೋರ್ಡ್ ನಡುವಿನ ಕೆಂಪು ಗುಂಡಿ ಸುಮ್ನೆ ಶೋಕಿಗೆ ಅಂದುಕೊಂಡಿದ್ದೆ. ಪಕ್ಕದವರು ಮೈಮೇಲೆ ವಾಲಿದಾಗ ಮೊಣಕೈ ಆಡಿಸಲೂ ಜಾಗ ಇರುವುದಿಲ್ಲ, ಆಗ ಒಂದೇ ಬೆರಳಲ್ಲಿ ಕರ್ಸರ್ ಓಡಿಸಬಹುದು!

ಡಿಜಿಟಲ್ ಸಹಿ ಟೋಕನ್ (ಪೆನ್‌ಡ್ರೈವ್‌ನಂಥ ಸಾಧನ) ಚುಚ್ಚಲು ಜಾಗವೇ ಇರುವುದಿಲ್ಲ ಎಂದು ಕೆಲವರು ಹೆದರಿಸಿದ್ದರು. ಇದರಲ್ಲಿ ದೊಡ್ಡ ಯುಎಸ್‌ಬಿ, ಹೊರಗಿನ ಪರದೆಗೆ ಜೋಡಿಸುವ ಎಚ್‌ಡಿಎಂಐ ಎರಡೂ ಇವೆ. ಲ್ಯಾನ್ ಕೇಬಲ್‌ಗೆ ಮಾತ್ರ ಅಡಾಪ್ಟರ್ ಬೇಕು.

'8 ಜಿಬಿ ತಗೊಂಡು ಆಮೇಲೆ ರ‍್ಯಾಮ್ ಹಾಕಿಸಿ' ಎಂಬ ಸಲಹೆ ಇಲ್ಲಿ ನಡೆಯುವುದಿಲ್ಲ. ರ‍್ಯಾಮ್ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಮೊದಲೇ 16 ಜಿಬಿ ತಗೊಳ್ಳಿ. ಎಸ್‌ಎಸ್‌ಡಿ (ಫೈಲ್‌ಗಳು ಉಳಿಯುವ ಡಿಸ್ಕ್) ಬೇಕಾದರೆ ಆಮೇಲೆ ಬದಲಿಸಬಹುದು.

ಗೊತ್ತಿಲ್ಲದ ಇನ್ನೊಂದು ಲಾಭ: 65 ವ್ಯಾಟಿನ ಟೈಪ್-ಸಿ ಪಿಡಿ (ಪವರ್ ಡೆಲಿವರಿ) ಚಾರ್ಜರ್ ಒಂದಿದ್ದರೆ ಫೋನ್, ಲ್ಯಾಪ್‌ಟಾಪ್ ಎರಡಕ್ಕೂ ಸಾಕು. ಪಿಡಿ ಅಂತ ಬರೆದಿದೆಯಾ ನೋಡಿಕೊಂಡು ತಗೊಳ್ಳಿ.

ಕೂಲಿಂಗ್ ಪ್ಯಾಡ್ ಬೇಕೇಬೇಕು ಎಂದವರೇ, ಟ್ಯಾಲಿ, ಎಕ್ಸೆಲ್‌ಗೆ ಫ್ಯಾನ್ ಸದ್ದೇ ಕೇಳಿಸುತ್ತಿಲ್ಲ.