ರೀಲೋಡಿಂಗ್ ಬೆಂಚಿನ ಅಗಲ ಎಷ್ಟಿರಬೇಕು? – ಪ್ರಶ್ನೋತ್ತರ

ಪ್ರಶ್ನೆ (ಡಲ್ಲಾಸ್ ಕಡೆಯಿಂದ):
ನಮಸ್ಕಾರ ಸರ್. ಗರಾಜಿನಲ್ಲಿ ರೀಲೋಡಿಂಗ್ (ಹಾರಿಸಿದ ಗುಂಡಿನ ಖಾಲಿ ಕೇಸಿಗೆ, ಅಂದರೆ ಕವಚಕ್ಕೆ, ಮತ್ತೆ ಪೌಡರ್, ಬುಲೆಟ್ ತುಂಬೋ ಕೆಲಸ) ಬೆಂಚ್ ಕಟ್ಟಬೇಕು ಅಂತಿದ್ದೀನಿ. ರೇಂಜಿನಲ್ಲಿ ಗುರಿ ಅಭ್ಯಾಸಕ್ಕೆ ಮಾತ್ರ, .308 (ರೈಫಲ್) ಮತ್ತು 9 ಎಂಎಂ (ಪಿಸ್ತೂಲ್) ಗುಂಡುಗಳು. ಪ್ರೆಸ್ಸು (ಹಿಡಿ ಎಳೆದು ಕೇಸನ್ನು ಒತ್ತೋ ಯಂತ್ರ) ಆರ್‌ಸಿಬಿಎಸ್ ರಾಕ್ ಚಕ್ಕರ್, ಸಿಂಗಲ್ ಸ್ಟೇಜ್ (ಒಂದು ಸಲಕ್ಕೆ ಒಂದೇ ಹಂತ). ಗರಾಜಿನ ಒಳಗಳತೆ 20 ಅಡಿ, ಕಾರು 16 ಅಡಿ. ಕಾರಿನ ಮುಂದಿನ ಗೋಡೆಗೆ ಬೆಂಚ್ ಹಾಕಿದರೆ ಸಿಗೋದು 4 ಅಡಿ. ಗೋಡೆಯಿಂದ ಮುಂದಿನ ಅಂಚಿನವರೆಗೆ 18 ಇಂಚು ಸಾಕು ಅಂತ ಒಬ್ಬರು, 36 ಇಂಚು ಬೇಕು ಅಂತ ಇನ್ನೊಬ್ಬರು. ಯಾವುದು ಸರಿ?

ಉತ್ತರ (ವರ್ಕ್‌ಬೆಂಚ್ ಕಟ್ಟುವ ಬಡಗಿ):
ನಮಸ್ಕಾರ. 24 ಇಂಚು ಮಾಡಿ.

36 ಖಂಡಿತ ಬೇಡ. ನಿಂತ ಜಾಗದಿಂದ 24 ಇಂಚಿನ ತನಕ ಕೈ ಸಲೀಸಾಗಿ ಹೋಗುತ್ತದೆ, 30 ದಾಟಿದರೆ ಬಗ್ಗಲೇಬೇಕು. ರೀಲೋಡಿಂಗಿನಲ್ಲಿ ಬಗ್ಗುವುದು ಬರೀ ಬೆನ್ನುನೋವಿನ ವಿಷಯವಲ್ಲ. ಪೌಡರ್ ಹಾಕಿ, ಬುಲೆಟ್ ಇನ್ನೂ ಕೂರಿಸದ 50 ಕೇಸುಗಳು ಬಾಯಿ ತೆರೆದು ಬ್ಲಾಕಿನಲ್ಲಿ (ಕೇಸು ನಿಲ್ಲಿಸುವ ತೂತುಗಳ ಹಲಗೆ) ನಿಂತಿರುತ್ತವೆ. ಅದರ ಮೇಲಿಂದ ತೋಳು ಚಾಚಿ ಹಿಂದಿನ ಡೈ (ಕೇಸಿಗೆ ಆಕಾರ ಕೊಡುವ ಅಚ್ಚು) ಪೆಟ್ಟಿಗೆ ತೆಗೆಯಲು ಹೋಗಿ ಅಂಗಿಯ ತೋಳು ಒಂದು ಕೇಸಿಗೆ ತಾಗಿತು ಅನ್ನಿ. ಎಷ್ಟು ಚೆಲ್ಲಿತು, ಪಕ್ಕದ ಕೇಸಿಗೆ ಎಷ್ಟು ಬಿತ್ತು, ಹೇಳಲಾಗದು. ಇಡೀ ಬ್ಲಾಕ್ ಖಾಲಿ ಮಾಡಿ ಮೊದಲಿಂದ ತೂಗಬೇಕು. ಅಗಲ ಹೆಚ್ಚಿದಷ್ಟೂ ಹಿಂಭಾಗ ಸಾಮಾನಿನ ಗುಡ್ಡೆಯಾಗುತ್ತದೆ, ಈ ಚಾಚಾಟವೂ ಹೆಚ್ಚುತ್ತದೆ.

18ರ ತೊಂದರೆ ಬೇರೆ. ಪ್ರೆಸ್ಸು ಮುಂದಿನ ಅಂಚಿನಲ್ಲೇ ಕೂರಬೇಕು, ಏಕೆಂದರೆ ಅದರ ಲಿಂಕೇಜ್ (ಹಿಡಿಗೆ ಜೋಡಿಸಿದ ಸರಳುಗಳು) ಹಲಗೆಗಿಂತ ಕೆಳಗೆ ಇಳಿಯುತ್ತದೆ. ಹಿಡಿ ಎಳೆದಾಗ ಅದು ಅಂಚಿನಿಂದ ಇನ್ನೂ ಮುಂದಕ್ಕೆ ಬರುತ್ತದೆ. ಒಂದು ಲೆಕ್ಕ ನೋಡಿ. ಹಿಡಿ 15 ಇಂಚು ಮುಂದಿದ್ದಾಗ 50 ಪೌಂಡ್ ಬಲದಲ್ಲಿ ಕೆಳಕ್ಕೆ ಎಳೆದರೆ ಬೆಂಚನ್ನು ಮುಂದಕ್ಕೆ ಮಗುಚುವ ಬಲ 750 ಇಂಚು-ಪೌಂಡ್ (ದೂರವನ್ನು ಬಲದಿಂದ ಗುಣಿಸಿದ್ದು). 24 ಇಂಚಿನ, 100 ಪೌಂಡ್ ತೂಕದ ಬೆಂಚ್, ತೂಕ ಅಗಲದ ನಡುವೆ ಬೀಳುವುದರಿಂದ, 1,200ರಷ್ಟು ತಡೆಯುತ್ತದೆ. 18 ಇಂಚಿನದು 75 ಪೌಂಡ್ ಇದ್ದರೆ ತಡೆಯುವುದು 675 ಮಾತ್ರ, ಹಿಂಗಾಲು ಎದ್ದೇ ಏಳುತ್ತದೆ. .308 ಕೇಸನ್ನು ಫುಲ್ ಲೆಂತ್ ಸೈಜ್ ಮಾಡುವಾಗ (ಉಬ್ಬಿದ ಕೇಸನ್ನು ಪೂರ್ತಿ ಉದ್ದಕ್ಕೆ ಒತ್ತಿ ಮೊದಲಿನ ಅಳತೆಗೆ ತರುವಾಗ), ಅದರಲ್ಲೂ ಲ್ಯೂಬ್ (ಜಾರಲು ಹಚ್ಚುವ ಎಣ್ಣೆ) ಕಡಿಮೆಯಾದರೆ, ಅಷ್ಟು ಬಲ ಬೀಳುವುದು ಮಾಮೂಲಿ.

ಈ ಲೆಕ್ಕ ಮುಂದಿನ ಕಾಲುಗಳು ಅಂಚಿಗೆ ಸಮನಾಗಿದ್ದರೆ ಮಾತ್ರ. ಚೆಂದಕ್ಕೆಂದು ಕಾಲನ್ನು 4 ಇಂಚು ಒಳಗೆ ಇಟ್ಟರೆ 24 ಇಂಚಿನ ಬೆಂಚೇ ಸೋಲುತ್ತದೆ: ಮಗುಚುವ ಬಲ 950, ತಡೆಯುವುದು 800. ಅಗಲಕ್ಕಿಂತ ಮೊದಲು ಈ ಕಾಲಿನ ಜಾಗ ಸರಿಪಡಿಸಿಕೊಳ್ಳಿ.

ಇನ್ನು ನಿಮ್ಮ ಗರಾಜು. 48 ಇಂಚಿನಲ್ಲಿ ಬೆಂಚಿಗೆ 24 ಹೋದರೆ ನಿಮಗೆ ಉಳಿಯುವುದು 24. ನಿಂತು ಹಿಡಿ ಎಳೆಯಲು 36 ಆದರೂ ಬೇಕು. ಹಾಗಂತ ಬೆಂಚನ್ನು 12 ಇಂಚಿಗೆ ಇಳಿಸಬೇಡಿ. ಪಕ್ಕದ ಗೋಡೆಗೆ ಹಾಕಿ, ಇಲ್ಲವೇ ಕೆಲಸದ ಹೊತ್ತಿಗೆ ಕಾರು ಹೊರಗೆ ನಿಲ್ಲಿಸಿ.

ಮರುಪ್ರಶ್ನೆ:
ಪಕ್ಕದ ಗೋಡೆಗೇ ಹಾಕ್ತೀನಿ ಸರ್. ಹಲಗೆಗೆ ಏನು ಬಳಸಲಿ? ಮನೇಲಿ ಒಂದು ಹಳೇ ಸಾಲಿಡ್ ಕೋರ್ (ಒಳಗೆ ಟೊಳ್ಳಿಲ್ಲದ) ಬಾಗಿಲೂ ಬಿದ್ದಿದೆ, 30 ಇಂಚಿನದು.

ಉತ್ತರ:
ನಾಲ್ಕು ಅಡಿ, ಎಂಟು ಅಡಿಯ ಮುಕ್ಕಾಲು ಇಂಚಿನ ಪ್ಲೈವುಡ್ ಶೀಟ್ ಒಂದು ತಂದು ಉದ್ದುದ್ದ ಸೀಳಿಸಿ. ಗರಗಸ ತಿನ್ನುವ ಎಂಟನೇ ಒಂದು ಇಂಚು ಬಿಟ್ಟರೆ ಎರಡೂ ತುಂಡು ಹೆಚ್ಚುಕಡಿಮೆ 24 ಇಂಚು. ಎರಡನ್ನೂ ಅಂಟು, ಸ್ಕ್ರೂ ಹಾಕಿ ಒಂದರ ಮೇಲೊಂದು ಕೂಡಿಸಿದರೆ ಒಂದೂವರೆ ಇಂಚು ದಪ್ಪದ, ಎಂಟು ಅಡಿ ಉದ್ದದ ಹಲಗೆ ಸಿದ್ಧ. ಚೂರೂ ದಂಡವಾಗುವುದಿಲ್ಲ.

ಮುಕ್ಕಾಲು ಇಂಚಿನ ಒಂದೇ ಹಲಗೆ ಸಾಲದು. ಅದು ಬಾಗಿದರೆ ಗುಂಡಿನ ಅಳತೆ ಕೆಡುತ್ತದೆ ಅನ್ನುವುದು ಅಷ್ಟು ಸರಿಯಲ್ಲ. ಡೈ, ರ‍್ಯಾಮ್ (ಕೇಸನ್ನು ಮೇಲೆತ್ತುವ ದಂಡ) ಎರಡೂ ಪ್ರೆಸ್ಸಿನ ಚೌಕಟ್ಟಿನಲ್ಲೇ ಇರುತ್ತವೆ. ಕೆಡುವುದು ಕೈಯ ಅರಿವು. ಪ್ರೈಮರ್ (ಪೌಡರಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ತಳ ಮುಟ್ಟಿದ್ದು ಹಿಡಿಯಲ್ಲಿ ತಿಳಿಯಬೇಕು. ಹಲಗೆ ಓಲಾಡಿದರೆ ಅದು ತಿಳಿಯುವುದಿಲ್ಲ. ಜೊತೆಗೆ ಬೋಲ್ಟುಗಳು ಸಡಿಲಾಗುತ್ತವೆ, ಪೌಡರ್ ಮೆಷರ್ (ಅಳತೆಯ ಪೌಡರ್ ಸುರಿಸುವ ಸಾಧನ) ನಡುಗಿ ಪ್ರತಿ ಸಲ ಬೀಳುವ ಪ್ರಮಾಣ ಹೆಚ್ಚುಕಡಿಮೆಯಾಗುತ್ತದೆ.

ಬಾಗಿಲೂ ಆಗುತ್ತದೆ. 6 ಇಂಚು ಕತ್ತರಿಸಿ, ಆದರೆ ಕತ್ತರಿಸಿದ ಬದಿಯನ್ನು ಗೋಡೆಗೆ ಮಾಡಿ. ಗಟ್ಟಿ ಮರದ ಪಟ್ಟಿ ಇರುವುದು ಬಾಗಿಲಿನ ಅಂಚಿನಲ್ಲಿ ಮಾತ್ರ, ಪ್ರೆಸ್ಸಿಗೆ ಅದು ಬೇಕು. ಒಳಗಿರುವುದು ಸಾಮಾನ್ಯವಾಗಿ ಪಾರ್ಟಿಕಲ್ ಬೋರ್ಡ್. ಬೋಲ್ಟ್ ಬಿಗಿದಂತೆಲ್ಲ ಪುಡಿಯಾಗಿ ಕುಸಿಯುತ್ತದೆ. ಅಡಿಯಲ್ಲಿ ಪ್ಲೈವುಡ್ ತುಂಡು ಅಂಟಿಸಿ, ದೊಡ್ಡ ವಾಷರ್ ಹಾಕಿ ಬಿಗಿಯಿರಿ. ಟೊಳ್ಳು ಬಾಗಿಲನ್ನು ಮುಟ್ಟಲೇಬೇಡಿ.

ಅಡಿಯ ಚೌಕಟ್ಟಿಗೆ ಟೂ ಬೈ ಫೋರ್ ಮರದ ಪಟ್ಟಿ ಸಾಕು. ಹಿಂದಿನ ಪಟ್ಟಿಯನ್ನು ಗೋಡೆಯೊಳಗಿನ ಮರದ ಕಂಬಗಳಾದ ಸ್ಟಡ್‌ಗಳಿಗೆ 4 ಇಂಚಿನ ಲ್ಯಾಗ್ ಸ್ಕ್ರೂನಿಂದ ಬಿಗಿಯಿರಿ: ಪಟ್ಟಿಗೆ ಒಂದೂವರೆ, ಡ್ರೈವಾಲಿಗೆ (ಗೋಡೆಯ ಜಿಪ್ಸಮ್ ಹಾಳೆ) ಅರ್ಧ, ಸ್ಟಡ್ ಒಳಗೆ 2 ಇಂಚು. ಸ್ಟಡ್‌ಗಳು ಸಾಮಾನ್ಯವಾಗಿ 16 ಇಂಚಿಗೊಂದು ಸಿಗುತ್ತವೆ. ಇಷ್ಟಾದರೆ ಮಗುಚುವ ಮಾತೇ ಇಲ್ಲ.

ಚೌಕಟ್ಟು ಕಟ್ಟುವ ಮೊದಲೇ ಪ್ರೆಸ್ಸನ್ನು ಹಲಗೆ ಮೇಲಿಟ್ಟು ತೂತುಗಳ ಗುರುತು ಹಾಕಿ. ಬೋಲ್ಟ್ ಬರುವ ಜಾಗಕ್ಕೆ ಸರಿಯಾಗಿ ಅಡಿಪಟ್ಟಿ ಅಡ್ಡ ಬಂದರೆ ನಟ್ ತಿರುಗಿಸಲು ಪಾನ ಒಳಗೆ ಹೋಗುವುದಿಲ್ಲ. ಪ್ರೆಸ್ಸಿನ ನೇರ ಕೆಳಗೆ ಡ್ರಾಯರ್ ಇಡಬೇಡಿ, ರ‍್ಯಾಮ್ ಇಳಿದಾಗ ತಾಗುತ್ತದೆ.

ಇನ್ನೊಂದು ಮುಖ್ಯ ವಿಷಯ: ಬೆಂಚ್, ಗೋಡೆಗಳ ನಡುವಿನ ಸಂದು. ಉರುಳಿದ ಪ್ರೈಮರ್, ಚೆಲ್ಲಿದ ಪೌಡರ್ ಅಲ್ಲೇ ಸೇರಿಕೊಳ್ಳುತ್ತವೆ, ಗುಡಿಸಿದರೂ ಬರುವುದಿಲ್ಲ. ಅಲ್ಲೊಂದು ಮರದ ಪಟ್ಟಿ ಕೂಡಿಸಿ ಸಂದು ಮುಚ್ಚಿ. ಹಲಗೆಗೆ ಎರಡು ಮೂರು ಕೋಟ್ ಪಾಲಿಯುರೆಥೇನ್ ಹೊಡೆದರೆ ಸೀಸದ ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಬಹುದು. ಚೆಲ್ಲಿದ ಪೌಡರಿಗೆ ಮನೆಯ ವ್ಯಾಕ್ಯೂಮ್ ಹಚ್ಚಬೇಡಿ. ಮೋಟರಿನ ಕಿಡಿ ತಾಗಬಹುದು. ಬ್ರಶ್ಶು, ಮೊರ ಸಾಕು.

ಇನ್ನೊಬ್ಬ ಸದಸ್ಯರು:
24 ಇಂಚಿನಲ್ಲಿ ತಕ್ಕಡಿ, ಪೌಡರ್ ಡಬ್ಬಿ ಎಲ್ಲಾ ಎಲ್ಲಿಡೋದು? ಮುಂದೆ ಪ್ರೋಗ್ರೆಸಿವ್ ಪ್ರೆಸ್ (ಪ್ರತಿ ಎಳೆತಕ್ಕೂ ಹಲವು ಹಂತ ಒಟ್ಟಿಗೆ ಮಾಡೋದು) ತಗೊಂಡರೆ ಜಾಗ ಸಾಕಾಗುತ್ತಾ?

ಉತ್ತರ:
ತಕ್ಕಡಿ ಬೆಂಚಿನ ಮೇಲೆ ಇರಲೇಬಾರದು, ಅಗಲ ಎಷ್ಟೇ ಇರಲಿ. ಪ್ರೆಸ್ಸಿನ ಅದುರು ಅದಕ್ಕೆ ತಲುಪುತ್ತದೆ. ಗೋಡೆಗೇ ಹೊಡೆದ, ಬೆಂಚಿಗೆ ತಾಗದ, 8 ಇಂಚು ಅಗಲದ ಪುಟ್ಟ ಶೆಲ್ಫ್ ಮಾಡಿ. ಬೀಮ್ ತಕ್ಕಡಿಯಾದರೆ ಶೆಲ್ಫ್ ಕಣ್ಣಿನ ಮಟ್ಟಕ್ಕಿರಲಿ. ಮೇಲಿಂದ ನೋಡಿದರೆ ಮುಳ್ಳು ತಪ್ಪು ತೋರುತ್ತದೆ. ಎಸಿ ಗಾಳಿ, ಫ್ಯಾನ್ ಗಾಳಿ ಅದರ ಮೇಲೆ ಬೀಳಬಾರದು. ಬೆಂಚಿನ ಮೇಲೆ ಒಂದು ಹೊತ್ತಿಗೆ ಒಂದೇ ಪೌಡರ್ ಡಬ್ಬಿ ಇರಲಿ. ಉಳಿದವು ತಮ್ಮ ಮೂಲ ಡಬ್ಬಿಯಲ್ಲೇ ಬೇರೆ ಕಡೆ ಇರಲಿ. ಅಮೆರಿಕದ ಎನ್‌ಎಫ್‌ಪಿಎ 495 (ಸ್ಫೋಟಕ ವಸ್ತುಗಳ ಸುರಕ್ಷತಾ ನಿಯಮಾವಳಿ) ಪ್ರಕಾರ ಮನೆಯಲ್ಲಿ 20 ಪೌಂಡ್ ತನಕ ಹೀಗೆ ಇಡಬಹುದು. ಅದಕ್ಕೂ ಮೇಲೆ 50 ಪೌಂಡ್ ತನಕ 1 ಇಂಚು ದಪ್ಪ ಗೋಡೆಯ ಮರದ ಪೆಟ್ಟಿಗೆ ಬೇಕು. ಗಾಳಿಯಾಡದ ಉಕ್ಕಿನ ಪೆಟ್ಟಿಗೆಯಲ್ಲಿ ಬೀಗ ಹಾಕಿಡಬೇಡಿ, ಬೆಂಕಿ ಬಿದ್ದರೆ ಅದೇ ಬಾಂಬ್ ಆಗುತ್ತದೆ. ಊರಿನ ಫೈರ್ ಕೋಡ್ ಒಮ್ಮೆ ಕೇಳಿಕೊಳ್ಳಿ.

ಪ್ರೋಗ್ರೆಸಿವ್ ಬಂದರೂ 24 ಸಾಕು. ಅದು ಕೇಳುವುದು ಎತ್ತರ ಮತ್ತು ಅಕ್ಕಪಕ್ಕದ ಜಾಗ. ಕೇಸ್ ಫೀಡರ್ (ಕೇಸುಗಳನ್ನು ತಾನೇ ಇಳಿಸುವ ಬುಟ್ಟಿ) ಪ್ರೆಸ್ಸಿನ ನೆತ್ತಿಯ ಮೇಲೆ ಕೂರುವುದರಿಂದ ಅಲ್ಲಿ ಶೆಲ್ಫ್ ಬೇಡ. ಪಕ್ಕದ ಗೋಡೆಯಿಂದ ಒಂದೂವರೆ ಅಡಿಯಾದರೂ ಬಿಟ್ಟು ಕೂರಿಸಿ.

ಮತ್ತೊಬ್ಬರು:
ನಮ್ಮದು ಬಾಡಿಗೆ ಅಪಾರ್ಟ್‌ಮೆಂಟ್, ಗೋಡೆಗೆ ತೂತು ಹೊಡೆಯುವಂತಿಲ್ಲ.

ಉತ್ತರ:
ಕೆಳಗಡೆ ಒಂದು ಹಲಗೆ ಹಾಕಿ, ಹಿಂಗಾಲಿನ ಕಡೆಗೆ 60 ಪೌಂಡಿನ ಎರಡು ಕಾಂಕ್ರೀಟ್ ಮಿಕ್ಸ್ ಚೀಲ ಇಡಿ. ಮುಂಗಾಲಿನಿಂದ 18 ಇಂಚು ಹಿಂದಿದ್ದರೆ ಅವೆರಡೇ 2,160 ಇಂಚು-ಪೌಂಡ್ ತಡೆ ಕೊಡುತ್ತವೆ. ಚೀಲವನ್ನು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಧೂಳು ಏಳುವುದಿಲ್ಲ. ಬಾಡಿಗೆ ಕರಾರಿನಲ್ಲಿ ಪೌಡರ್, ಪ್ರೈಮರ್ ಇಡಲು ಅಡ್ಡಿಯಿದೆಯೇ ಅಂತ ಮೊದಲು ಓದಿ.

ಬೆಂಗಳೂರಿನಿಂದ:
ಸರ್, ಶಾಟ್‌ಗನ್ ಲೈಸೆನ್ಸ್ ಇದೆ. ಇಲ್ಲೂ ಇದೇ ಅಳತೆಯ ಬೆಂಚ್ ಮಾಡಿಕೊಳ್ಳಬಹುದಾ?

ಉತ್ತರ:
ಬೆಂಚ್ ಮಾಡಬಹುದು, ಅದರ ಮೇಲೆ ಈ ಕೆಲಸ ಮಾಡುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಕೆಗೆ ಬೇರೆಯೇ ಲೈಸೆನ್ಸ್ ಬೇಕು. ಬಂದೂಕಿನ ಲೈಸೆನ್ಸ್ ಅದಕ್ಕೆ ನಡೆಯುವುದಿಲ್ಲ. ಬಂದೂಕು ಒರೆಸಿ ಎಣ್ಣೆ ಹಾಕುವ ಮೇಜು ಬೇಕಿದ್ದರೆ 24 ಇಂಚು ಅದಕ್ಕೂ ಸರಿ. ಅಲ್ಲಿ ಎಳೆತದ ಬಲವೇ ಇಲ್ಲದ್ದರಿಂದ ಮುಕ್ಕಾಲು ಇಂಚಿನ ಒಂದೇ ಪ್ಲೈವುಡ್ ಸಾಕು, ಮೇಲೊಂದು ರಬ್ಬರ್ ಮ್ಯಾಟ್ ಹಾಸಿ.