29ಕ್ಕೇ ಬಿಪಿ 150/96, ಮಾತ್ರೆ ಶುರು ಮಾಡ್ಬೇಕಾ? ಅನುಭವ ಇರೋರು ಹೇಳಿ

ಹೊಸಬ: ಕಂಪನಿ ಚೆಕಪ್ಪಲ್ಲಿ 150/96 ಬಂತು, ಮನೇಲಿ ನೋಡಿದ್ರೂ 140ರ ಮೇಲೇ. ದಪ್ಪ ಇಲ್ಲ, ಸಿಗರೇಟಿಲ್ಲ. ಡಾಕ್ಟ್ರು ಟೆಲ್ಮಿಸಾರ್ಟನ್ 40 ಅನ್ನೋ ಬಿಪಿ ಮಾತ್ರೆ ಬರೆದಿದಾರೆ, ಅಮ್ಮ ಈ ವಯಸ್ಸಿಗೆ ಹಿಡಿದ್ರೆ ಬಿಡೋಕಾಗಲ್ಲ ಅಂತಾರೆ.

ತುಮಕೂರ್ ಮಾವ: ನಂಗೆ 31ಕ್ಕೆ ಬಂತು. ಮೊದ್ಲು ಆಮ್ಲೋಡಿಪಿನ್, ಕಾಲು ಊದಿ ಶೂ ಹತ್ತಲ್ಲ. ಆಮೇಲೆ ಎನಾಲಪ್ರಿಲ್, ಶುರುವಾಯ್ತು ನೋಡಿ ಒಣಕೆಮ್ಮು, ಎಕ್ಸ್‌ರೇ 450, ಕಫಾನೇ ಇಲ್ಲ ಕಫ ಟೆಸ್ಟು 300, ಎದೆ ಡಾಕ್ಟ್ರ ಫೀಸು 700, ಸಿರಪ್ಪು ಬೇರೆ, ಕೊನೆಗೆ ಮೆಡಿಕಲ್ ಶಾಪ್ ಹುಡುಗ ಹೇಳ್ದ ಸಾರ್ ಇದು ಮಾತ್ರೆ ಕೆಮ್ಮು ಅಂತ!! ಈಗ ಟೆಲ್ಮಿಸಾರ್ಟನ್, ಆರಾಮು. ಜನೌಷಧಿಲಿ ತಗೊಳಿ, ಬ್ರ್ಯಾಂಡಿಗೆ ದುಡ್ಡು ಸುರೀಬೇಡಿ.

ಮಲ್ನಾಡ್ ಹುಡ್ಗಿ: ಮಾತ್ರೆ ಮಾತ್ರೆ ಅಂತೀರಲ್ಲ, ಯಾಕೆ ಬಂತು ಅಂತ ಯಾರಾದ್ರೂ ಕೇಳಿದ್ರಾ? ನಂಗೆ 26ಕ್ಕೆ 170/110. "ಟೆನ್ಶನ್ನು, ಮದ್ವೆ ಆದ್ರೆ ಸರಿಹೋಗುತ್ತೆ" ಅಂದ ಡಾಕ್ಟ್ರಿಗೆ ಇವತ್ತಿಗೂ ಶಾಪ ಹಾಕ್ತೀನಿ. ಬೇರೆಯೋರು ಕಿಡ್ನಿ ರಕ್ತನಾಳ ನೋಡೋ ಸ್ಕ್ಯಾನು ಬರೆದ್ರು, ಡಾಪ್ಲರ್ 2,800, ಸಿಟಿ ಆಂಜಿಯೋ 9,500, ನೋಡಿದ್ರೆ ಕಿಡ್ನಿಗೆ ಹೋಗೋ ರಕ್ತನಾಳಾನೇ ಕಿರಿದಾಗಿದೆ. ಬಲೂನ್ ಹಾಕಿ ಅಗಲ ಮಾಡಿದ್ರು, 1.4 ಲಕ್ಷ, ಇನ್ಶೂರೆನ್ಸೋರು ಮೊದ್ಲೇ ಇದ್ದ ಕಾಯಿಲೆ ಅಂತ ಒಂದ್ರೂಪಾಯಿ ಬಿಚ್ಚಲಿಲ್ಲ, ಆ ವರ್ಷದ ಅಡಿಕೆ ದುಡ್ಡೆಲ್ಲಾ ಅದಕ್ಕೇ. ಈಗ ಮಾತ್ರೆ ಇಲ್ದೆ 118/76.

ಬರಿಗಾಲು: ಎಲ್ಲಾ ದಂಧೆ. 2017ರಲ್ಲಿ ಅಮೆರಿಕದೋರು ಹೈ ಬಿಪಿ ಅನ್ನೋಕೆ 140 ಇದ್ದ ಗೆರೇನ 130ಕ್ಕೆ ಇಳಿಸಿದ್ರು, ರಾತ್ರೋರಾತ್ರಿ ಕೋಟಿಗಟ್ಲೆ ಜನ ಪೇಷೆಂಟು. ನಾನು ಹಪ್ಪಳ ಉಪ್ಪಿನಕಾಯಿ ಬಿಟ್ಟೆ, ಲಾಲ್‌ಬಾಗಲ್ಲಿ ನಡೆದೆ, 11 ಕೇಜಿ ಇಳಿದೆ, 148 ಇದ್ದಿದ್ದು 126.

ತುಮಕೂರ್ ಮಾವ: ಅದೇ ಅಮೆರಿಕದೋರು 1985ರಿಂದ 18–30 ವಯಸ್ಸಿನೋರನ್ನ ಹಿಡ್ಕೊಂಡು ದಶಕಗಟ್ಲೆ ನೋಡಿದಾರೆ, ಕಾರ್ಡಿಯಾ ಸ್ಟಡಿ ಅಂತ. 40ರೊಳಗೇ ಬಿಪಿ ಏರಿದೋರಿಗೆ ಮುಂದೆ ಹಾರ್ಟ್ ಅಟ್ಯಾಕು ಸ್ಟ್ರೋಕು ಜಾಸ್ತಿ. ನಮ್ಮಣ್ಣನೂ ನಿಮ್ಮಂಗೇ ವಾಕಿಂಗ್ ವೀರ, 38ಕ್ಕೆ ಎಕೋ (ಹೃದಯದ ಸ್ಕ್ಯಾನು) ಮಾಡಿಸಿದ್ರೆ ಬಿಪಿಗೆ ಹೃದಯದ ಎಡಗೋಡೆ ದಪ್ಪ ಆಗಿದೆ, ಲಕ್ಷಣ ಒಂದೂ ಇರ್ಲಿಲ್ಲ.

ಬರಿಗಾಲು: ನಿಮ್ಮಣ್ಣ ಬೋಂಡ ತಿಂದಿದ್ದಕ್ಕೆ ನಾನೇನ್ ಮಾಡ್ಲಿ. ಸೈಂಧವ ಲವಣ ತಿನ್ನೋಕೆ ಹೇಳಿ.

ತುಮಕೂರ್ ಮಾವ: ಮನೆಯೋರ ಸುದ್ದಿ ಎತ್ತಿದ್ರೆ ನೆಟ್ಟಗಿರಲ್ಲ.

ಮಲ್ನಾಡ್ ಹುಡ್ಗಿ: ಸೈಂಧವಾನೂ ಸೋಡಿಯಮ್ಮೇ ಸ್ವಾಮಿ, ಬಣ್ಣ ಬೇರೆ, ರೇಟು ಬೇರೆ.

ಹೊಸಬ: ಲೋ ಸೋಡಿಯಂ ಉಪ್ಪು ತಗೋಬಹುದಾ ಹಂಗಾದ್ರೆ?

ಮಲ್ನಾಡ್ ಹುಡ್ಗಿ: ಅದ್ರಲ್ಲಿ ಪೊಟ್ಯಾಶಿಯಂ ಇರುತ್ತೆ, ಟೆಲ್ಮಿಸಾರ್ಟನ್ನೂ ಪೊಟ್ಯಾಶಿಯಂ ಏರಿಸುತ್ತೆ, ಡಾಕ್ಟ್ರನ್ನ ಕೇಳ್ದೆ ಮುಟ್ಬೇಡಿ.

ಬರಿಗಾಲು: ನೋಡಿದ್ರಾ, ಉಪ್ಪು ತಿನ್ನೋಕೂ ಇನ್ಮೇಲೆ ಪರ್ಮಿಶನ್ನು 😂